ಪದದಾಟವನ್ನು ದುರ್ಗದ ಕೋಟೆಗೆ ಒಗ್ಗಿಸಲು ಅನುಮತಿ ಬೇಕೇ?

ಅಕ್ಷರದ ಬಿಲ್ಲೆಗಳಿಂದ ಮಣೆಯ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಮಾದರಿಯ ಆಟವನ್ನು ಕನ್ನಡಕ್ಕೆ ಒಗ್ಗಿಸಿ, ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ಮಣೆಯಾಗಿಸಿ ಮಾರಬಹುದೇ ಎಂದು ಕೇಳಿದ್ದೀರಿ. ಮಾರಬಹುದು, ಆದರೆ ಮೂಲದಿಂದ ಏನನ್ನು ತೆಗೆದುಕೊಳ್ಳುತ್ತೀರಿ ಎಂಬುದನ್ನು ನೋಡಬೇಕು.

1957ರ ಹಕ್ಕುಸ್ವಾಮ್ಯ ಕಾಯ್ದೆ ರಕ್ಷಿಸುವುದು ಅಭಿವ್ಯಕ್ತಿಯನ್ನು, ಕಲ್ಪನೆಯನ್ನಲ್ಲ. ಬಿಲ್ಲೆ ಜೋಡಿಸಿ ಪದ ಕಟ್ಟುವ, ಅಂಕ ಎಣಿಸುವ ಕ್ರಮ ಯಾರ ಸ್ವತ್ತೂ ಅಲ್ಲ. ಪೇಟೆಂಟ್ ಕಾಯ್ದೆಯ 3(ಎಂ) ಕಲಮಿನಂತೆ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಕೂಡ ದೊರೆಯುವುದಿಲ್ಲ. ನಿಯಮಪುಸ್ತಕದ ವಾಕ್ಯಗಳು ಮತ್ತು ಚಿತ್ರಗಳ ಮಾತು ಬೇರೆ: ಇಂಗ್ಲಿಷ್ ನಿಯಮಗಳನ್ನು ಸಾಲುಸಾಲಾಗಿ ಕನ್ನಡಕ್ಕೆ ಇಳಿಸಿದರೆ ಅದು ಅನುವಾದವೇ ಆಗುತ್ತದೆ, ಅದಕ್ಕೆ ಹಕ್ಕುದಾರರ ಅನುಮತಿ ಬೇಕಾಗುತ್ತದೆ. ಆದ್ದರಿಂದ ಆ ಪುಸ್ತಕವನ್ನು ಮುಚ್ಚಿಟ್ಟು, ಒತ್ತಕ್ಷರದ ಬಿಲ್ಲೆಗೆ ಎಷ್ಟು ಅಂಕ ಎಂಬಲ್ಲಿಂದಲೇ ನಿಮ್ಮ ಮಾತಿನಲ್ಲಿ ಬರೆಯಿರಿ. ಇಂಗ್ಲಿಷ್ ನಿಯಮ ಹೇಗೂ ಅಲ್ಲಿ ನೆರವಿಗೆ ಬಾರದು.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅಪಾಯವಿರುವುದು ಹೆಸರಿನಲ್ಲಿ. ಸ್ಕ್ರ್ಯಾಬ್ಯುಲಸ್ ಎಂಬ ಆನ್‌ಲೈನ್ ಆಟದ ವಿರುದ್ಧ ಭಾರತದಲ್ಲಿ ಸ್ಕ್ರ್ಯಾಬಲ್ ಹೆಸರಿನ ಹಕ್ಕುಳ್ಳ ಮ್ಯಾಟೆಲ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2008ರಲ್ಲಿ ಹಕ್ಕುಸ್ವಾಮ್ಯದ ವಾದವನ್ನು ಒಪ್ಪಲಿಲ್ಲ, ಆದರೆ ಟ್ರೇಡ್‌ಮಾರ್ಕ್ ಆಧಾರದ ಮೇಲೆ ಆ ಹೆಸರಿನ ಬಳಕೆಯನ್ನು ತಡೆಯಿತು. ಪೆಟ್ಟಿಗೆಯ ಮೇಲೆ ‘ದುರ್ಗದ ಸ್ಕ್ರ್ಯಾಬಲ್’ ಎಂದು ಅಚ್ಚು ಹಾಕಿಸುವ ಆಸೆಯನ್ನು ಬಿಡಿ. ಓಬವ್ವನ ಕಿಂಡಿಯ ಚಿತ್ರವನ್ನು ನೀವೇ ಬರೆದು ಬಳಸಬಹುದು. ಅಂತರ್ಜಾಲದಲ್ಲಿ ಸಿಕ್ಕ ಫೋಟೊ ಬೇಕೆಂದರೆ ಅದರ ಹಕ್ಕುದಾರರನ್ನು ಕೇಳಬೇಕು.