ಮದುವೆಗೆ 600 ಜನ, ಡಿವೋರ್ಸಿಗೆ ಯಾರು?

ಪ್ರಶ್ನೆ: ನನಗೆ 36 ವರ್ಷ. ಮುಂಬೈಯ ಮುಲುಂಡಿನಲ್ಲಿ ಅಪ್ಪ-ಅಮ್ಮನ ಜೊತೆ ಇದ್ದೇನೆ. ಮದುವೆಯಾಗಿ ಹತ್ತು ವರ್ಷ, ಏಳು ವರ್ಷದ ಮಗಳಿದ್ದಾಳೆ. ಅಂಧೇರಿಯ ಗಂಡನ ಮನೆ ಬಿಟ್ಟು ಎರಡು ವರ್ಷ ಆಯಿತು. ಹೊಡೆತ, ಬೈಗುಳ ಏನೂ ಇರಲಿಲ್ಲ. ಮಾತೇ ಇರಲಿಲ್ಲ. ಈಗ ಇಬ್ಬರೂ ಒಪ್ಪಿಯೇ ಬೇರೆಯಾಗಲು ಹೊರಟಿದ್ದೇವೆ. ತಮ್ಮನಿಗೆ ಉಡುಪಿ ಕಡೆ ಹೆಣ್ಣು ನೋಡುತ್ತಿದ್ದಾರೆ, ‘ಅವನ ಮದುವೆ ಮುಗಿಯೋವರೆಗೆ ಬಾಯಿ ಬಿಡಬೇಡ’ ಅನ್ನುತ್ತಾರೆ ಅಮ್ಮ. ಗಂಡನ ಸೋದರಮಾವ ‘ಕೋರ್ಟು ಯಾಕೆ? ಸ್ಟ್ಯಾಂಪ್ ಪೇಪರಲ್ಲಿ ಬರೆದು ನೋಟರಿ ಮಾಡಿಸಿ, ಚಿನ್ನ ವಾಪಸ್ ಕೊಟ್ಟರೆ ಮುಗೀತು’ ಅನ್ನುತ್ತಾರೆ. ಮಾಟುಂಗಾದ ಹಾಲಿನಲ್ಲಿ 600 ಜನರ ಮುಂದೆ ಮದುವೆಯಾದವಳು ಈಗ ಕಳ್ಳಿಯ ಹಾಗೆ ಕೋರ್ಟಿಗೆ ಹೋಗಬೇಕಾ? ಅಂದ ಹಾಗೆ, ಅತ್ತೆಯ ಬಿಪಿ ಮಾತ್ರೆಯನ್ನು ಪ್ರತಿ ತಿಂಗಳು ಈಗಲೂ ನಾನೇ ಆರ್ಡರ್ ಮಾಡುತ್ತೇನೆ. ಇದು ಸರಿಯಾ?
– ಹೆಸರು ಬೇಡ, ಮುಲುಂಡ್

ಉತ್ತರ: ಮೊದಲು ಆ ಸೋದರಮಾವನ ಸ್ಟ್ಯಾಂಪ್ ಪೇಪರ್ ವಿಷಯ ಮುಗಿಸೋಣ. ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ. ನೋಟರಿಯ ಸೀಲು ಬಿದ್ದ ಮೇಲೂ ನೀವಿಬ್ಬರೂ ಗಂಡ-ಹೆಂಡತಿಯೇ. ನಾಳೆ ಇಬ್ಬರಲ್ಲಿ ಯಾರಾದರೂ ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ನಿಲ್ಲುವುದಿಲ್ಲ, ಮೇಲಿಂದ ಕೇಸೂ ಬೀಳಬಹುದು. ಇನ್ನು ಚಿನ್ನ ‘ವಾಪಸ್’ ಅಂದರೆ ಯಾರಿಗೆ ವಾಪಸ್? ತವರಿನವರು ನಿಮಗೆ ಹಾಕಿದ್ದು, ಮದುವೆಯಲ್ಲಿ ಅತ್ತೆ ಮನೆಯವರು ನಿಮಗೆ ಉಡುಗೊರೆ ಕೊಟ್ಟಿದ್ದು, ಎಲ್ಲ ಸ್ತ್ರೀಧನ. ಅದು ನಿಮ್ಮದೇ. ಈ ಸೋದರಮಾವಂದಿರು ಮದುವೆಯಲ್ಲೂ ಊಟದ ಲೆಕ್ಕಕ್ಕೆ ಮುಂದೆ ಬರುತ್ತಾರೆ, ಡಿವೋರ್ಸಿನಲ್ಲೂ ಚಿನ್ನದ ಲೆಕ್ಕಕ್ಕೆ ಮುಂದೆ ಬರುತ್ತಾರೆ!

ಮದುವೆಯಾಗುವುದು ಎಷ್ಟು ಸುಲಭ ನೋಡಿ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಧಾರೆಯೋ ಸಪ್ತಪದಿಯೋ, ನಿಮ್ಮ ಪದ್ಧತಿಯ ಶಾಸ್ತ್ರ ಸರಿಯಾಗಿ ನಡೆದರೆ ಸಾಕು. ರಿಜಿಸ್ಟರ್ ಮಾಡಿಸದೇ ಇದ್ದರೂ ಮದುವೆ ಮದುವೆಯೇ. ಬಿಡುವುದು ಮಾತ್ರ ಹಾಗಲ್ಲ. ಕೋರ್ಟಿಲ್ಲದೆ ಬಿಡುವ ಕೆಲವು ಸಮುದಾಯಗಳ ಹಳೆಯ ರೂಢಿಗೆ ಕಾಯ್ದೆಯಲ್ಲಿ ಜಾಗ ಇದೆ, ಆದರೆ ಅಂಥ ರೂಢಿ ಇದೆ ಅಂತ ಸಾಬೀತು ಮಾಡುವ ತಾಪತ್ರಯ ನಿಮಗೆ ಬೇಡ. ನೀವು ಕೊನೆಗೆ ಒಟ್ಟಿಗೆ ಇದ್ದದ್ದು ಅಂಧೇರಿಯಲ್ಲಿ, ಈಗ ನೀವಿರುವುದು ಮುಲುಂಡಿನಲ್ಲಿ. ಹಾಗಾಗಿ ಬಾಂದ್ರಾದ ಫ್ಯಾಮಿಲಿ ಕೋರ್ಟಿಗೇ ಹೋಗಬೇಕು.

ಪರಸ್ಪರ ಒಪ್ಪಿಗೆಯ ಡಿವೋರ್ಸ್ 1976ರಲ್ಲಿ ಕಾಯ್ದೆಗೆ ಸೇರಿದ್ದು, 13ಬಿ ಸೆಕ್ಷನ್. ಒಂದು ವರ್ಷವಾದರೂ ಬೇರೆ ಇದ್ದಿರಬೇಕು, ನಿಮ್ಮದು ಎರಡಾಯಿತು. ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆಮೇಲೆ ಆರು ತಿಂಗಳು ಕಾದು, ಮತ್ತೆ ಹೋಗಿ ‘ಹೌದು, ನಮಗೆ ಬೇಕು’ ಅನ್ನಬೇಕು. ಮದುವೆಗೆ ಒಂದು ಸಲ ಹೂಂ ಅಂದರೆ ಆಯಿತು, ಇದಕ್ಕೆ ಎರಡು ಸಲ ಅನ್ನಬೇಕು. ನಡುವೆ ಯಾರಿಗಾದರೂ ಮನಸ್ಸು ಬದಲಾದರೆ ಹಿಂದೆ ಸರಿಯಬಹುದು. ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಒಂದೂವರೆ ವರ್ಷದಿಂದ ಬೇರೆ ಇದ್ದು, ಮಗು, ದುಡ್ಡು ಎಲ್ಲದರ ಬಗ್ಗೆ ಮೊದಲೇ ಒಪ್ಪಂದ ಆಗಿದ್ದರೆ ಕೇಳಿ ನೋಡಬಹುದು. ನಿಮ್ಮ ವಕೀಲರ ಹತ್ತಿರ ಈ ಮಾತು ಎತ್ತಿ. ಕೋರ್ಟಿನ ಕೌನ್ಸೆಲರ್ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಅದಕ್ಕೆ ಹೆದರಬೇಡಿ. ಅವರು ದಿನವೂ ಇದನ್ನೇ ಕೇಳುವವರು, ಬೈಯಲು ಕೂತವರಲ್ಲ.

ಒಂದು ತಮಾಷೆ ಇದೆ. ಮದುವೆ ಮುರಿಯಬೇಕಾದರೆ ಮೊದಲು ಮದುವೆ ಆಗಿದೆ ಅಂತ ತೋರಿಸಬೇಕು. ಮ್ಯಾರೇಜ್ ಸರ್ಟಿಫಿಕೇಟ್ ಇಲ್ಲದಿದ್ದರೆ ಆಮಂತ್ರಣ ಪತ್ರಿಕೆ, ಮದುವೆಯ ಫೋಟೊ ಕೇಳುತ್ತಾರೆ. ಅರಿಶಿನ ಹಚ್ಚಿದ ಆ ಪತ್ರಿಕೆ ಅಮ್ಮನ ಬೀರುವಿನಲ್ಲೇ ಇರಬೇಕು, ಅಲ್ವಾ? ಅಂದ ಮೇಲೆ ಅಮ್ಮನಿಗೆ ಗೊತ್ತಾಗದ ಹಾಗೆ ಇದು ನಡೆಯುವುದಿಲ್ಲ. ನಡೆಯಲೂ ಬಾರದು.

ಈಗ ತಮ್ಮನ ಮದುವೆ. ಅಮ್ಮನ ಭಯ ನನಗೆ ಅರ್ಥವಾಗುತ್ತದೆ, ಆದರೆ ಅವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಹೆಣ್ಣಿನ ಕಡೆಯವರು ವಿಚಾರಿಸದೆ ಬಿಡುವವರಾ? ಮಾಟುಂಗಾದಲ್ಲಿ ಆಡಿದ ಮಾತು ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗಿಂತ ಮೊದಲು ಉಡುಪಿ ಮುಟ್ಟಿರುತ್ತದೆ. ‘ಅಳಿಯ ಆಫೀಸ್ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾನೆ’ ಅಂತ ಎಷ್ಟು ಸಲ ಹೇಳುತ್ತೀರಿ? ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಹುಡುಗಿ ಸೇರಬೇಕಾದದ್ದು ನೀವು, ನಿಮ್ಮ ಮಗಳು ಇರುವ ಮನೆಗೇ. ತಾನು ಯಾವ ಮನೆಗೆ ಬರುತ್ತಿದ್ದೇನೆ ಅಂತ ತಿಳಿಯುವ ಹಕ್ಕು ಅವಳಿಗಿದೆ. ಮಾತುಕತೆಯ ಮೊದಲ ದಿನವೇ ತಮ್ಮನೇ ನೇರವಾಗಿ ಹೇಳಲಿ: ‘ಅಕ್ಕ ಮತ್ತು ಭಾವ ಒಪ್ಪಿ ಬೇರೆಯಾಗುತ್ತಿದ್ದಾರೆ, ಅಕ್ಕ ನಮ್ಮ ಜೊತೆ ಇದ್ದಾಳೆ.’ ಅಷ್ಟಕ್ಕೇ ಹಿಂದೆ ಸರಿಯುವ ಸಂಬಂಧ ಮದುವೆಯಾದ ಮೇಲೆ ಬೇರೆ ಯಾವುದಕ್ಕೋ ಮುನಿಸಿಕೊಳ್ಳುತ್ತಿತ್ತು.

600 ಜನರಿಗೆ ಹೇಳಬೇಕಾ ಅಂದರೆ ಬೇಡ. ಅಂದು ಬಂದವರಲ್ಲಿ ಮುಕ್ಕಾಲು ಜನಕ್ಕೆ ಹೋಳಿಗೆ ನೆನಪಿರುತ್ತದೆ, ನೀವಲ್ಲ. ಮನೆಯೊಳಗೆ ಬಂದು ಹೋಗುವ ಹತ್ತು ಹದಿನೈದು ಜನರಿಗೆ ನೀವೇ ಫೋನ್ ಮಾಡಿ ಹೇಳಿ. ಬೇರೆಯವರಿಂದ ಕೇಳಿದರೆ ಅವರಿಗೆ ಬೇಜಾರಾಗುತ್ತದೆ, ನಿಮಗೆ ಉತ್ತರ ಕೊಡುವ ಕೆಲಸ ಜಾಸ್ತಿಯಾಗುತ್ತದೆ. ಕಾರಣ ಕೇಳಿದರೆ ‘ಹೊಂದಲಿಲ್ಲ’ ಅಂದರೆ ಸಾಕು.

ಅತ್ತೆಯ ಮಾತ್ರೆ ವಿಷಯವನ್ನು ನೀವು ಸುಮ್ನೆ ಕೊನೆಗೆ ಸೇರಿಸಿದ್ದೀರಿ. ನನಗೇನೋ ಇಡೀ ಪತ್ರವೇ ಅಲ್ಲಿದೆ ಅನ್ನಿಸಿತು. ಕೋರ್ಟು ಕಡಿಯುವುದು ಗಂಡ-ಹೆಂಡತಿಯ ಸಂಬಂಧವನ್ನು ಮಾತ್ರ. ಅವರು ನಿಮ್ಮ ಮಗಳ ಅಜ್ಜಿಯಾಗಿಯೇ ಇರುತ್ತಾರೆ. ಫೋನ್ ಮಾಡಿ, ಹಬ್ಬಕ್ಕೆ ಮಗಳನ್ನು ಕಳಿಸಿ. ಆದರೆ ಮಾತ್ರೆ ತರಿಸುವ ಕೆಲಸ ಇನ್ನು ಅವರ ಮಗನದು. ಡಾಕ್ಟರ ಚೀಟಿ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಲ್ಲ ಬರೆದು ಗಂಡನಿಗೆ ವಾಟ್ಸ್ಆ್ಯಪ್ ಮಾಡಿಬಿಡಿ. ಎರಡು ತಿಂಗಳು ಅವರು ಮರೆಯಬಹುದು. ಅಲ್ಲಿಯವರೆಗೆ ಬೇಕಾದರೆ ನೆನಪಿಸಿ, ಆರ್ಡರ್ ಮಾತ್ರ ಮಾಡಬೇಡಿ.

ಕನ್ಸೆಂಟ್ ಟರ್ಮ್ಸ್, ಅಂದರೆ ಇಬ್ಬರೂ ಒಪ್ಪಿದ ಷರತ್ತುಗಳನ್ನು ಬರೆಸುವಾಗ ಮಗಳ ವಿಷಯದಲ್ಲಿ ‘ಆಮೇಲೆ ನೋಡೋಣ’ ಅಂತ ಬಿಡಬೇಡಿ. ಶಾಲೆಯ ಫೀ ಯಾರು ಕಟ್ಟುವುದು, ಯಾವ ಶನಿವಾರ ಅಂಧೇರಿಗೆ, ಗಣಪತಿ ಹಬ್ಬ ಎಲ್ಲಿ, ಮೇ ತಿಂಗಳ ರಜೆಯಲ್ಲಿ ಊರಿಗೆ ಯಾರ ಜೊತೆ, ಎಲ್ಲ ಬರೆಸಿ. ಅರ್ಜಿ ಹಾಕುವ ಮೊದಲೇ ನೀವಿಬ್ಬರೂ ಒಟ್ಟಿಗೆ ಕೂತು ಅವಳಿಗೆ ಹೇಳಿ. ‘ಹಾಗಾದರೆ ಅಪ್ಪ ಯಾವಾಗ ಬರ್ತಾರೆ?’ ಅಂತ ಕೇಳೇ ಕೇಳುತ್ತಾಳೆ, ಯಾವ ವಾರ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿರಿ.