ಆಟಗಾರರಿಗೆ ಟ್ರೋಲ್, ಗಾಬ್ಲಿನ್ ಎಲ್ಲ ಬಾಯಿಪಾಠ. ಹಳೆಯ ಮಾನ್‌ಸ್ಟರ್‌ಗಳಿಗೆ ಹೊಸ ಹಿನ್ನೆಲೆ ಬರೆಯುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ (ಡಿಎಂ, ಅಂದರೆ ಡಂಜನ್ ಮಾಸ್ಟರ್, ಕಥೆ ನಡೆಸುತ್ತ, ಉಳಿದವರು ಪಾತ್ರಗಳಾಗಿ ದಾಳ ಹಾಕುತ್ತ ಆಡುವ ಆಟ) ಟ್ರೋಲ್ ಕಂಡರೆ ಸಾಕು, ಅದರ ಗಾಯ ಕೂಡದಂತೆ ತಡೆಯಲು ಇಡೀ ಟೇಬಲ್ "ಬೆಂಕಿ, ಬೆಂಕಿ" ಅನ್ನುತ್ತದೆ. ಹಾಸ್ಟೆಲ್ ರೂಮಿನಲ್ಲಿ ಕೂತು ನೀವು ಬರೆದ ಎರಡು ಪುಟದ ವಂಶಚರಿತ್ರೆ ಫೈಲಿನಲ್ಲೇ ಉಳಿಯುತ್ತದೆ. ಗೊತ್ತು ಮಾರಾಯ್ರೆ, ನನ್ನ ಫೈಲೂ ಹಾಗೇ ದಪ್ಪ ಇತ್ತು. ಹಾಗಾಗಿ ನೀವು ಕೇಳಿದ್ದಕ್ಕೆ ಉಲ್ಟಾ ಉತ್ತರ ಕೊಡುತ್ತೇನೆ: ಹಿನ್ನೆಲೆ ಬರೆಯಲೇಬೇಡಿ. ಆ ಜೀವಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಅದು ಅಲ್ಲಿರುವುದರಿಂದ ಯಾರಿಗೆ ಲಾಭ, ಇಷ್ಟನ್ನು ಬದಲಿಸಿ. ಕಥೆ ತಾನಾಗಿ ಬರುತ್ತದೆ, ಅದೂ ಆಟಗಾರರ ಕೈಗೆಟಕುವ ಜಾಗದಲ್ಲಿ.

ಈ ಆಟ ಹುಟ್ಟುಹಾಕಿದವರು ಮಾಡಿದ್ದೂ ಸುಮಾರು ಇದನ್ನೇ. ಅವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅಗ್ಗದ ಅಂಗಡಿಯಿಂದ ಹಾಂಗ್‌ಕಾಂಗ್ ಪ್ಲಾಸ್ಟಿಕ್ ಆಟಿಕೆಗಳ ಒಂದು ಚೀಲ ತಂದರು. ಅದರಲ್ಲಿದ್ದ ವಿಚಿತ್ರ ಪ್ರಾಣಿಗಳೇ ರಸ್ಟ್ ಮಾನ್‌ಸ್ಟರ್ (ಕಬ್ಬಿಣ ತಿನ್ನುವ ಜೀವಿ), ಔಲ್‌ಬೇರ್ (ಗೂಬೆ-ಕರಡಿ), ಬುಲೆಟ್ (Bulette, ನೆಲದಡಿ ನುಗ್ಗುವ ಜೀವಿ) ಆದವು. ಜೆಲಾಟಿನಸ್ ಕ್ಯೂಬ್ (ಎದುರು ಸಿಕ್ಕಿದ್ದನ್ನು ನುಂಗುವ ಲೋಳೆಯ ಗಡ್ಡೆ) ಹತ್ತಡಿ ಘನ ಯಾಕೆ ಅಂದರೆ ಗ್ರಾಫ್ ಹಾಳೆಯ ಮೇಲೆ ಆಗಿನ ಡಂಜನ್‌ (ಆಟದ ನೆಲಮಾಳಿಗೆ) ಓಣಿಗಳು ಹತ್ತಡಿ ಅಗಲ ಇರುತ್ತಿದ್ದವು. ಕೊಬೋಲ್ಡ್ ಎಂಬ ಪುಟ್ಟ ಜೀವಿಯ ಕಥೆಯೂ ಅಷ್ಟೆ. 1977ರಲ್ಲಿ ನಾಯಿಮೂತಿಯದು, 2000ದ ಮೂರನೇ ಆವೃತ್ತಿಯ ಹೊತ್ತಿಗೆ ಡ್ರ್ಯಾಗನ್‌ಗಳ ದೂರದ ನೆಂಟ. ಅಷ್ಟು ಬದಲಾದರೂ ಟೇಬಲ್‌ನಲ್ಲಿ ಅದು ಮಾಡುವುದು ಒಂದೇ: ಗುಂಪಾಗಿ ಬರುವುದು, ಬೋನು ಇಡುವುದು. ಆಟಗಾರರಿಗೆ ನೆನಪಿರುವುದೂ ಅದೇ.

ಈಗ ಟ್ರೋಲ್. ಅಂಕಿಗಳೆಲ್ಲ 2014ರ ಐದನೇ ಆವೃತ್ತಿಯವು. ಎಸಿ (ಹೊಡೆತ ತಾಗಲು ದಾಳದಲ್ಲಿ ಮುಟ್ಟಬೇಕಾದ ಅಂಕಿ) 15, ಎಚ್‌ಪಿ (ಜೀವಬಲ) 84, ತನ್ನ ಪ್ರತಿ ಟರ್ನ್‌ನ (ಸರದಿಯ) ಶುರುವಿಗೆ 10 ಎಚ್‌ಪಿ ವಾಪಸ್. ಬೆಂಕಿ ಅಥವಾ ಆಸಿಡ್ ತಾಗಿದರೆ ಮುಂದಿನ ಒಂದು ಟರ್ನ್‌ಗೆ ಆ ಗುಣ ಕೆಲಸ ಮಾಡುವುದಿಲ್ಲ. ಎಚ್‌ಪಿ ಸೊನ್ನೆಯಾಗಿದ್ದು, ಗಾಯ ಕೂಡದೆ ಟರ್ನ್ ಶುರುವಾದರೆ ಮಾತ್ರ ಸಾಯುತ್ತದೆ.

ಇದನ್ನು ಕಿಂಡಿ ಅಣೆಕಟ್ಟಿನ ಮೇಲ್ಭಾಗದಲ್ಲಿ ಇಡಿ. ಉಡುಪಿ ಕಡೆ ಹೊಳೆಗಳಲ್ಲಿ ನೋಡಿಯೇ ಇರುತ್ತೀರಿ: ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ, ಮುಂದಿನ ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ. ಸಮುದ್ರದ ಹತ್ತಿರದ ಅಣೆಕಟ್ಟುಗಳಿಗೆ ಎರಡು ಕೆಲಸ. ಒಂದು, ಸಿಹಿನೀರು ನಿಲ್ಲಿಸುವುದು. ಇನ್ನೊಂದು, ಉಬ್ಬರದಲ್ಲಿ ಅಳಿವೆಯಿಂದ ಏರಿಬರುವ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುವುದು. ನಮ್ಮ ಹೊಳೆ ಟ್ರೋಲ್‌ಗೆ ಉಂಬಳದ (ಜಿಗಣೆಯ) ಚರ್ಮ, ಸದಾ ಒದ್ದೆ, ಮೈತುಂಬ ಲೋಳೆ. ಗಾಯ ಮುಚ್ಚುವುದು ಆ ಲೋಳೆಯೇ. ಬೆಂಕಿಗೆ ಮೇಲಿನ ಪದರ ಸುಟ್ಟರೂ ಅಡಿಯಿಂದ ಹೊಸದು ಬರುತ್ತದೆ. ಉಪ್ಪು ಬಿದ್ದರೆ ಮಾತ್ರ ನೀರು ಬಸಿದು ಚರ್ಮ ಸುಕ್ಕಾಗುತ್ತದೆ, ಮುಂದಿನ ಟರ್ನ್‌ಗೆ ಗಾಯ ಕೂಡುವುದಿಲ್ಲ. ತೋಟದಲ್ಲಿ ಕಾಲಿಗೆ ಹತ್ತಿದ ಉಂಬಳಕ್ಕೆ ಉಪ್ಪು ಹಾಕಿದವರು ನಿಮ್ಮ ಟೇಬಲ್‌ನಲ್ಲಿ ಒಬ್ಬರಾದರೂ ಇರುತ್ತಾರೆ. ಉತ್ತರ ಅವರ ಬಾಯಿಂದಲೇ ಬರಲಿ.

ನಿಯಮ ಹೀಗೆ ಬರೆಯಿರಿ: ಒಂದು ಆಕ್ಷನ್ (ಸರದಿಯ ಮುಖ್ಯ ಕೆಲಸ), ಒಂದು ಪೌಂಡ್ ಉಪ್ಪು, ಹತ್ತಡಿಯೊಳಗಿನಿಂದ ಎಸೆತ, ದಾಳ ಹಾಕುವುದು ಬೇಡ. ಆಟದ ಬೆಲೆಪಟ್ಟಿಯಲ್ಲಿ ಉಪ್ಪು ಪೌಂಡಿಗೆ 5 ತಾಮ್ರದ ನಾಣ್ಯ, ಅಂದರೆ ಒಂದು ಚಿನ್ನದ ನಾಣ್ಯಕ್ಕೆ 20 ಪೌಂಡ್. ಇಷ್ಟು ಅಗ್ಗವಾದರೆ ಹೇಗೆ ಅಂತ ಹೆದರಬೇಡಿ. ಫೈರ್ ಬೋಲ್ಟ್ ಎಂಬ ಬೆಂಕಿಯ ಮಂತ್ರ 120 ಅಡಿಯಿಂದ ಹೊಡೆಯುತ್ತದೆ. ಉಪ್ಪು ಎಸೆಯಲು ಹತ್ತಡಿ ಹತ್ತಿರ ಹೋಗಬೇಕು. ಎರಡು ಪಂಜ, ಒಂದು ಕಡಿತ ಮೂರೂ ತಾಗಿದರೆ ಆ ಟ್ರೋಲ್ ಒಂದು ಟರ್ನ್‌ಗೆ ಸರಾಸರಿ 29 ಡ್ಯಾಮೇಜ್ ಕೊಡುತ್ತದೆ. ಉಪ್ಪಿನ ನಿಜವಾದ ಬೆಲೆ ಅದು. ಟ್ರೋಲ್ ನೀರಿಗೆ ಮುಳುಗಿದರೆ ಉಪ್ಪು ತೊಳೆದುಹೋಗುತ್ತದೆ, ಹಾಗಾಗಿ ದಡಕ್ಕೆ ಎಳೆಯಬೇಕು. ಆಟಿ ತಿಂಗಳ ಮಳೆಯಲ್ಲಿ ಹೋದವರ ಉಪ್ಪಿನ ಚೀಲದ ಗತಿ ನಾನು ಹೇಳಬೇಕಾಗಿಲ್ಲ.

ಎಚ್‌ಪಿ 84ರಿಂದ 63ಕ್ಕೆ ಇಳಿಸಿ. ಕಾರಣ ಸರಳ. ಬೆಂಕಿ ಎಸೆಯುವವನು ಗಾಯವನ್ನೂ ಮಾಡುತ್ತಾನೆ, ಗಾಯ ಕೂಡುವುದನ್ನೂ ನಿಲ್ಲಿಸುತ್ತಾನೆ. ಉಪ್ಪು ಎಸೆಯುವವನು ಬರೀ ನಿಲ್ಲಿಸುತ್ತಾನೆ. ನಾಲ್ಕು ಜನರ ಪಾರ್ಟಿಯಲ್ಲಿ (ಆಟಗಾರರ ತಂಡದಲ್ಲಿ) ಪ್ರತಿ ರೌಂಡ್ (ಎಲ್ಲರ ಸರದಿಯ ಒಂದು ಸುತ್ತು) ಒಬ್ಬರ ಡ್ಯಾಮೇಜ್ ಖೋತಾ, ಆದ್ದರಿಂದ ಎಚ್‌ಪಿಯಲ್ಲೂ ಕಾಲುಭಾಗ ಕಡಿಮೆ. ಐದು ಜನ ಇದ್ದರೆ 67 ಇಡಿ. ಸ್ವಿಮ್ ಸ್ಪೀಡ್ (ಒಂದು ಟರ್ನ್‌ಗೆ ಈಜುವ ದೂರ) 30 ಅಡಿ ಸೇರಿಸಿ. ಬೇರೇನೂ ಮುಟ್ಟಬೇಡಿ.

ಇನ್ನು ಲಾಭ ಯಾರಿಗೆ ಅನ್ನುವ ಪ್ರಶ್ನೆ. ಹಲಗೆ ಗಟ್ಟಿ ಇದ್ದಷ್ಟು ದಿನ ಟ್ರೋಲ್‌ಗೆ ಸಿಹಿನೀರು. ಹಾಗಾಗಿ ರಾತ್ರಿ ಅದೇ ಬಂದು ಹಲಗೆಯ ಸಂದಿಗೆ ಜೇಡಿಮಣ್ಣು ಮೆತ್ತುತ್ತದೆ. ಮೇಲಿನ ಗದ್ದೆಯವರಿಗೆ ಇದು ಗೊತ್ತು, ಬಾಯಿ ಬಿಡುವುದಿಲ್ಲ; ಬೇಸಿಗೆ ಬೆಳೆಗೆ ನೀರು ನಿಂತಿರುವುದು ಅದರಿಂದ. ಕೆಳಗಡೆ ಮರುವಾಯಿ (ಚಿಪ್ಪುಜೀವಿ) ಹೆಕ್ಕುವವರ ಮಕ್ಕಳು ಮೇಲೆ ಹೋದರೆ ವಾಪಸ್ ಬರುವುದಿಲ್ಲ. ಪಾರ್ಟಿಗೆ ಹಣ ಕೊಟ್ಟು ಕರೆಸಿದ್ದು ಕೆಳಗಿನವರು, ಊಟ ಹಾಕುತ್ತಿರುವುದು ಮೇಲಿನವರು. ಉಪ್ಪು ಎಸೆಯುವ ರಗಳೆ ಬೇಡವೆಂದರೆ ಇನ್ನೊಂದು ದಾರಿ ಇದೆ: ಉಬ್ಬರದ ಹೊತ್ತು ನೋಡಿ ಹಲಗೆ ಕಿತ್ತುಬಿಡುವುದು. ಟ್ರೋಲ್ ನಿಂತ ನೀರೇ ಉಪ್ಪಾಗುತ್ತದೆ, ಗದ್ದೆಯೂ ಉಪ್ಪಾಗುತ್ತದೆ. ಮಳೆಗಾಲದಲ್ಲಿ ಇದು ನಡೆಯದು, ಹೊಳೆಯ ರಭಸ ಉಪ್ಪುನೀರನ್ನು ಹಿಂದಕ್ಕೆ ತಳ್ಳುತ್ತದೆ. ಮಾರ್ಚ್, ಏಪ್ರಿಲ್‌ನಂಥ ಒಣ ತಿಂಗಳಲ್ಲಿ ಸಾಹಸ ಇಡಿ. ನೋಡಿ, ಹಿನ್ನೆಲೆ ಅಂತ ಒಂದು ಸಾಲೂ ಬರೆದಿಲ್ಲ.

ಈಗ ಎಲ್ಲರೂ ಮಾಡುವ, ಆಟವನ್ನೇ ಕೆಡಿಸುವ ತಪ್ಪು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಮಿಕ್ಕದ್ದು ಮರೆತರೂ ಪರವಾಗಿಲ್ಲ.

ಬಲಹೀನತೆಯನ್ನು ಸದ್ದಿಲ್ಲದೆ ಬದಲಿಸುವುದೇ ಆ ತಪ್ಪು. ಡಿಎಂ ಒಳಗೊಳಗೇ ನಗುತ್ತ "ಈ ಟ್ರೋಲ್‌ಗೆ ಬೆಂಕಿ ನಾಟುವುದಿಲ್ಲ" ಅಂದುಕೊಂಡಿರುತ್ತಾನೆ. ಪಾರ್ಟಿ ಬೆಂಕಿಯ ಸ್ಪೆಲ್‌ಗಳನ್ನೆಲ್ಲ ಸುರಿಯುತ್ತದೆ. ಲೆಕ್ಕ ಹಾಕಿ: ರೌಂಡಿಗೆ 30 ಡ್ಯಾಮೇಜ್ ಕೊಟ್ಟರೂ 10 ವಾಪಸ್, ಉಳಿದದ್ದು 20. ಹೇಗೋ ಸೊನ್ನೆಗೆ ತಂದರೂ ಮುಂದಿನ ಟರ್ನ್‌ಗೆ 10 ಎಚ್‌ಪಿಯೊಂದಿಗೆ ಎದ್ದು ಕೂರುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಏಳುತ್ತದೆ. ಮೂರನೇ ಸಲಕ್ಕೆ ಯಾರದೋ ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಇರುವ ಲೆಕ್ಕ) ಖಾಲಿ, ಇನ್ಯಾರೋ ನೆಲದ ಮೇಲೆ. ಪಾರ್ಟಿ ಸತ್ತರೆ ಹೊಸ ಪಾತ್ರದ ಶೀಟ್ ಬರೆಯಬಹುದು, ಅದು ದೊಡ್ಡ ನಷ್ಟವೇನಲ್ಲ. ದೊಡ್ಡ ನಷ್ಟ ಮುಂದಿನ ವಾರ ಕಾಣಿಸುತ್ತದೆ. ತಮಗೆ ಗೊತ್ತಿರುವುದಕ್ಕೆ ಈ ಟೇಬಲ್‌ನಲ್ಲಿ ಬೆಲೆ ಇಲ್ಲ ಅಂತ ಆಟಗಾರರು ಕಲಿತಿರುತ್ತಾರೆ. ಊರಲ್ಲಿ ವಿಚಾರಿಸುವುದು, ಹೆಜ್ಜೆ ಗುರುತು ನೋಡುವುದು, ಉಪಾಯ ಹೂಡುವುದು ಎಲ್ಲ ನಿಂತು ಎದುರು ಬಂದದ್ದಕ್ಕೆ ಬರೀ ಕತ್ತಿ ಬೀಸುತ್ತಾರೆ. ಪುಸ್ತಕ ಬಾಯಿಪಾಠ ಮಾಡಿದ ಆಟಗಾರ ನಿಮ್ಮ ಶತ್ರು ಅಂತ ನೀವು ಪ್ರಶ್ನೆಯಲ್ಲಿ ಬರೆದ ಧಾಟಿ ನನಗೆ ಒಪ್ಪಿಗೆ ಇಲ್ಲ. ಅವನಷ್ಟು ಒಳ್ಳೆಯ ಆಟಗಾರ ಸಿಗುವುದಿಲ್ಲ. ಟ್ರೋಲ್ ಹೇಗಿರಬೇಕು ಅಂತ ಅವನಿಗೆ ಗೊತ್ತಿರುವುದರಿಂದಲೇ ಇದು ಹಾಗಿಲ್ಲ ಅಂತ ಮೊದಲು ಗುರುತಿಸುವವನೂ ಅವನೇ, ನೀವು ಗುರುತಿಸಲು ಏನಾದರೂ ಇಟ್ಟಿದ್ದರೆ.

ನಾನು ಮೂರು ಸುಳಿವು ಇಡುತ್ತೇನೆ. ಊರಲ್ಲಿ ಒಂದು: ಹೊಳೆ ದಾಟುತ್ತಿದ್ದ ಮೀನಿನ ಹೆಂಗಸಿನ ಹಸಿ ಮೀನಿನ ಬುಟ್ಟಿ ಖಾಲಿ, ಪಕ್ಕದ ಒಣಮೀನಿನ ಬುಟ್ಟಿ ಮುಟ್ಟದೆ ಬಿದ್ದಿದೆ. ಜಾಗದಲ್ಲಿ ಒಂದು: ಅಣೆಕಟ್ಟಿನ ಕೆಳಮಗ್ಗುಲಿಗೆ ಹೆಜ್ಜೆಯೇ ಇಲ್ಲ, ಉಪ್ಪಿನ ಬಿಳಿ ಗೆರೆ ಶುರುವಾಗುವಲ್ಲಿ ಒಂದು ಬೆರಳು ಒಣಗಿ ಕಲ್ಲಿಗಂಟಿದೆ. ಕಾದಾಟದಲ್ಲಿ ಒಂದು, ಮತ್ತು ಇದನ್ನು ಮೊದಲ ರೌಂಡಿನಲ್ಲೇ ಹೇಳಿಬಿಡಬೇಕು: "ಸುಟ್ಟ ಚರ್ಮ ಸಿಪ್ಪೆಯಂತೆ ಉದುರಿತು, ಅಡಿಯಲ್ಲಿ ಆಗಲೇ ಹೊಸ ಚರ್ಮ ಹೊಳೆಯುತ್ತಿದೆ. ಆದರೆ ಎಡಗಾಲಿನ ಹಿಮ್ಮಡಿ ಒಡೆದದ್ದು ಹಾಗೇ ಇದೆ, ಅದರ ಸುತ್ತ ಬಿಳಿ ಪುಡಿ." ಡಿಎಂಗೆ ಇದು ತೀರಾ ಬಿಡಿಸಿ ಹೇಳಿದಂತೆ ಅನಿಸುತ್ತದೆ. ಮೇಜಿನ ಆಚೆ ಕೂತು, ಒಂದು ಕೈಯಲ್ಲಿ ಚಿಪ್ಸ್, ಇನ್ನೊಂದರಲ್ಲಿ ದಾಳ ಹಿಡಿದವನಿಗೆ ಅಷ್ಟು ಬೇಕೇ ಬೇಕು.

ತೋರಿಸುವ ಕ್ರಮಕ್ಕೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರ) ನೋಡಿ. ಮೊದಲು ದೂರದಿಂದ ಆರ್ಭಟೆ, ಚೆಂಡೆಯ ಪೆಟ್ಟು, ದೊಂದಿಗೆ ಎರಚಿದ ರಾಳದ ಭುಗಿಲು, ಮುಖ ಕೊನೆಗೆ. ಮಾನ್‌ಸ್ಟರ್‌ನ ಹೆಸರು ನೀವಾಗಿ ಹೇಳಲೇಬೇಡಿ. ಸದ್ದು, ವಾಸನೆ, ಮಾಡಿಟ್ಟುಹೋದ ಹಾನಿ, ಆಮೇಲೆ ಮೈ.

ಕ್ಯೂಬ್‌ಗೂ ಇದೇ ಉಪಾಯ, ಆದರೆ ಇಲ್ಲಿ ಜಾಗ ಒಂದನ್ನೇ ಬದಲಿಸಿದರೆ ಸಾಕು. ಬಂಟ್ವಾಳ, ಕಾಸರಗೋಡು ಕಡೆ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಿವೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದು ನೀರು ತಂದವರು, 2022ರಲ್ಲಿ ಪದ್ಮಶ್ರೀ ಬಂತು. ಒಬ್ಬ ಬಗ್ಗಿ ನಡೆಯುವಷ್ಟೇ ಜಾಗ. ಎರಡೂವರೆ ಅಡಿ ಅಗಲ, ಆರಡಿ ಎತ್ತರ ಅಂತ ಇಟ್ಟುಕೊಳ್ಳಿ. ಕ್ಯೂಬ್‌ನ ಗಾತ್ರ ಸಾವಿರ ಘನ ಅಡಿ; ಅದನ್ನು ಈ ಸುರಂಗಕ್ಕೆ ತುಂಬಿದರೆ 66 ಅಡಿಗೂ ಮೀರಿದ ಲೋಳೆಯ ಬೆಣೆ. ಎಸಿ 6, ಎಚ್‌ಪಿ 84, ಸ್ಪೀಡ್ 15 ಅಡಿ, ಯಾವುದೂ ಬದಲಾಗುವುದಿಲ್ಲ. ಒಂದು ಸಲಕ್ಕೆ ಎದುರಿನ ಒಬ್ಬನನ್ನು ಮಾತ್ರ ನುಂಗಬಲ್ಲದು, ಪಕ್ಕಕ್ಕೆ ಸರಿಯಲು ಪಾರ್ಟಿಗೂ ಜಾಗ ಇಲ್ಲ. ಊರಿನ ತೊಟ್ಟಿಗೆ ನೀರು ಬರುವುದು ನಿಂತದ್ದೇ ಮೊದಲ ಸುಳಿವು. ಪಂಜು ಹಿಡಿದು ಅದರೊಳಗೆ ನೋಡಿದರೆ ಮುಂಭಾಗದಲ್ಲಿ ಮೊನ್ನೆ ಕಾಣೆಯಾದವನ ಚಪ್ಪಲಿ, ಅದರ ಹಿಂದೆ ಹಾರೆ, ಇನ್ನೂ ಒಳಗೆ ಈಗ ಯಾರೂ ಬಳಸದ ನಾಣ್ಯ. ಎಷ್ಟು ಕಾಲದಿಂದ ಅದು ಅಲ್ಲಿದೆ ಅಂತ ನೀವು ಹೇಳಬೇಕಾಗಿಲ್ಲ.

ರಸ್ಟ್ ಮಾನ್‌ಸ್ಟರ್ ಇನ್ನೂ ಸುಲಭ. ಮುರಕಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ. ನೆಲದಲ್ಲಿರುವಾಗ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಕಬ್ಬಿಣ ತಿಂದ ಮರುಟರ್ನ್‌ಗೆ ಇದು ಐದಡಿ ಚೌಕದಷ್ಟು ಕೆಂಪು ಕೆಸರು ಉಗುಳಲಿ. ಒಂದು ರೌಂಡ್ ಬರೀ ಜಾರುವ ನೆಲ. ಅಷ್ಟರೊಳಗೆ ಹೊರಬರದಿದ್ದರೆ ಕಾಲು ಸಿಕ್ಕಿಬಿತ್ತು, ಬಿಡಿಸಲು ಡಿಸಿ 11 ಸ್ಟ್ರೆಂತ್ (ಶಕ್ತಿ ಪರೀಕ್ಷೆ, ಒಟ್ಟು ಕನಿಷ್ಠ 11 ಬರಬೇಕು). ಗುಜರಿ ಕಬ್ಬಿಣ ಹಾಕಿ ಅದನ್ನು ಸಾಕುವ ಕಲ್ಲಿನ ಕೋರೆಯ ಮಾಲೀಕ ಒಬ್ಬ ಇದ್ದರೆ ಲಾಭದ ಪ್ರಶ್ನೆಯೂ ಮುಗಿಯಿತು.

ಗಾಬ್ಲಿನ್ ಬದಲು ಗುಳಿಗನನ್ನೋ ಪಂಜುರ್ಲಿಯನ್ನೋ ಇಡಲೇ ಅಂತ ಕೊನೆಗೆ ಕೇಳಿದ್ದೀರಿ. ಬೇಡ. ದೈವಕ್ಕೆ ಎಚ್‌ಪಿ ಬರೆಯಬೇಡಿ. ನಿಮ್ಮ ಟೇಬಲ್‌ನಲ್ಲೇ ಯಾರದೋ ಮನೆಯಲ್ಲಿ ಈ ವರ್ಷ ನೇಮ (ದೈವದ ಉತ್ಸವ) ಇರುತ್ತದೆ, ಅವರು ಮುಖ ನೋಡಿ ಸುಮ್ಮನಾಗುತ್ತಾರೆ. ಆಟದ ದೃಷ್ಟಿಯಿಂದಲೂ ಅದು ಸರಿಹೋಗದು, ಎಚ್‌ಪಿ ಇರುವುದನ್ನೆಲ್ಲ ಆಟಗಾರರು ಕೊಲ್ಲಬಹುದು ಅಂತಲೇ ಓದುತ್ತಾರೆ. ಊರಿನಿಂದ ಹೊಳೆ, ಕಲ್ಲು, ಕಸುಬು, ಜಗಳ ಧಾರಾಳ ತನ್ನಿ.

ಮೆಡುಸಾವನ್ನು ಹಾಗೇ ಬಿಡಿ, ಕಂಡವರನ್ನು ಕಲ್ಲಾಗಿಸುವ ಅವಳ ನೋಟ ಇನ್ನೂ ಕೆಲಸ ಮಾಡುತ್ತದೆ. ಗಾಬ್ಲಿನ್‌ಗಳೂ ಸದ್ಯ ಮಾಮೂಲಿಯಾಗಿಯೇ ಇರಲಿ. ಎಲ್ಲವೂ ಬದಲಾದರೆ ಬದಲಾದದ್ದು ಯಾವುದು ಅಂತ ತಿಳಿಯುವುದಿಲ್ಲ, ನಾಲ್ಕು ಕಾದಾಟಕ್ಕೆ ಒಂದು ಹೊಸ ತಳಿ ಸಾಕು. ಬರೆದದ್ದನ್ನು ಮುಂದೆ ಪಿಡಿಎಫ್ ಮಾಡಿ ಹಂಚುವ ಯೋಚನೆ ಇದ್ದರೆ, ಟ್ರೋಲ್, ಕ್ಯೂಬ್, ರಸ್ಟ್ ಮಾನ್‌ಸ್ಟರ್ ಮೂರೂ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್‌ಗೆ (ಯಾರು ಬೇಕಾದರೂ ಬಳಸಬಹುದಾದ ಪರವಾನಗಿ) ಬಂದ ಎಸ್‌ಆರ್‌ಡಿ 5.1 ಎಂಬ ಆಟದ ನಿಯಮಗಳ ಕಡತದಲ್ಲಿವೆ, ಮೂಲದ ಉಲ್ಲೇಖ ಹಾಕಿದರೆ ಆಯಿತು. ಮೈಂಡ್ ಫ್ಲೇಯರ್ ಎಂಬ ಮಾನ್‌ಸ್ಟರ್ ಅದರಲ್ಲಿ ಇಲ್ಲ, ಅದನ್ನು ಟೇಬಲ್‌ನಲ್ಲಷ್ಟೇ ಇಟ್ಟುಕೊಳ್ಳಿ.