ನೋಟಿಗೆ ಇಸ್ತ್ರಿ ಯಾಕೆ ಮಾರಾಯರೇ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಹಳೇ ನೋಟುಗಳು ಸಿಕ್ಕಿವೆ. ಕೊಳೆಯಾಗಿವೆ, ಮಡಿಕೆ ಬಿದ್ದಿವೆ. ತೊಳೆದು ಇಸ್ತ್ರಿ ಮಾಡಿದರೆ ಜಾಸ್ತಿ ಬೆಲೆ ಬರುತ್ತದಾ?

ಉತ್ತರ: ಮತ್ತೆ ಇದೇ ಪ್ರಶ್ನೆ! ನೀರೂ ಬೇಡ, ಇಸ್ತ್ರಿಯೂ ಬೇಡ. ಕೈಯಲ್ಲಿರುವ ರಬ್ಬರನ್ನೂ ಕೆಳಗಿಡಿ.

ಗರಿಗರಿ ನೋಟಿನ ಮೇಲೆ ಬೆರಳಾಡಿಸಿ. ಶಾಯಿ ಒಂಚೂರು ಉಬ್ಬಿರುತ್ತದೆ. ಕೆತ್ತಿದ ಅಚ್ಚಿನ ಮೇಲೆ ಕಾಗದವನ್ನು ಬಲವಾಗಿ ಒತ್ತಿ ಮುದ್ರಿಸಿದ್ದರ ಗುರುತು ಅದು. ಇಸ್ತ್ರಿ ಪೆಟ್ಟಿಗೆ ಅದನ್ನೇ ಚಪ್ಪಟೆ ಮಾಡುತ್ತದೆ. ಮಡಿಕೆಯಾದರೂ ಹೋಯಿತಾ? ಇಲ್ಲ. ಬದಿಯಿಂದ ಟಾರ್ಚ್ ಬಿಟ್ಟರೆ ನಾರು ಮುರಿದ ಗೆರೆ ಎದ್ದು ಕಾಣುತ್ತದೆ. ಸೋಪಿನ ಪುಡಿಯಲ್ಲಿ ತೊಳೆದಿದ್ದರಂತೂ ಮುಗಿಯಿತು. ಅಲ್ಟ್ರಾವಯಲೆಟ್ ದೀಪದಡಿ ನೋಟಿನ ಕಾಗದ ಮಂಕಾಗಿರಬೇಕು. ಸೋಪಿನ ಬಿಳುಪು ಅಂಟಿದ ನೋಟು ನೀಲಿಯಾಗಿ ಹೊಳೆಯುತ್ತದೆ. ನಾನೂ ಎಳೆ ವಯಸ್ಸಿನಲ್ಲಿ ಪೆನ್ಸಿಲ್ ಗುರುತು ಅಳಿಸಲು ಹೋಗಿ ಒಂದು ಒಳ್ಳೇ ನೋಟು ಹಾಳು ಮಾಡಿದ್ದೇನೆ. ಅದಕ್ಕೇ ಈ ಸಿಟ್ಟು.

ಸಂಗ್ರಹಕಾರರು ಜಾಸ್ತಿ ದುಡ್ಡು ಕೊಡುವುದು ನೋಟಿನ ಸ್ಥಿತಿಗೆ. ದರ್ಜೆ ಹಾಕುವ ಸಂಸ್ಥೆಗಳಲ್ಲಿ 70 ಅಂಕವೇ ಗರಿಷ್ಠ. ನಟ್ಟನಡುವೆ ಒಂದೇ ಒಂದು ಮಡಿಕೆ ಬಿದ್ದರೂ 60 ಮುಟ್ಟುವುದಿಲ್ಲ.

ಹಳೆಯದೆಲ್ಲ ಚಿನ್ನ ಅನ್ನೋದೂ ಸುಳ್ಳು. 1923ರಲ್ಲಿ ಹಣದುಬ್ಬರಕ್ಕೆ ಸಿಕ್ಕ ಜರ್ಮನಿ ಲಕ್ಷ, ಕೋಟಿ ಮಾರ್ಕ್‌ನ ನೋಟುಗಳನ್ನು ರಾಶಿಗಟ್ಟಲೆ ಮುದ್ರಿಸಿತು. ನೂರು ವರ್ಷ ದಾಟಿದರೂ ಅವುಗಳಲ್ಲಿ ಹೆಚ್ಚಿನವು ಇಂದಿಗೂ ಅಗ್ಗ. 2009ರಲ್ಲಿ ಬಂದ ಜಿಂಬಾಬ್ವೆಯ 100 ಟ್ರಿಲಿಯನ್ ಡಾಲರ್ ನೋಟಿಗೆ ಮಾತ್ರ ಜನ ಮುಗಿಬೀಳುತ್ತಾರೆ.

ನೀವು ಮಾಡಬೇಕಾದ್ದು ಇಷ್ಟೇ: ಇಸವಿ, ಸಹಿ, ನಂಬರಿನ ಮುಂದಿನ ಅಕ್ಷರ, ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ವಾಟರ್‌ಮಾರ್ಕ್ ಎಲ್ಲ ಬರೆದುಕೊಳ್ಳಿ. ಚಿತ್ರ ಒಂದೇ ಇದ್ದು ಸಹಿ ಬೇರೆಯಾದರೂ ಬೆಲೆ ಬೇರೆಯಾಗಬಹುದು. ಕ್ಯಾಟಲಾಗ್ ಜೊತೆ ತಾಳೆ ಹಾಕಿ. ಆಮೇಲೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಮಾರುವವನು ಹೇಳುವ ಬೆಲೆ ಬಿಡಿ, ಯಾರು ಬೇಕಾದರೂ ಎಷ್ಟು ಬೇಕಾದರೂ ಹೇಳಬಹುದು, ಅಲ್ವಾ?

ಪ್ರಶ್ನೆ: ಹರಿದ ಕಡೆ ಟೇಪ್ ಅಂಟಿಸಲಾ?

ಉತ್ತರ: ಬೇಡ. ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ಪ್ರಶ್ನೆ: ನಂಬರಿನಲ್ಲಿ ನಕ್ಷತ್ರ ಇದೆ. ಅಪರೂಪವಾ?

ಉತ್ತರ: ಮುದ್ರಣದಲ್ಲಿ ಕೆಟ್ಟ ನೋಟಿನ ಜಾಗಕ್ಕೆ ಬಂದ ಬದಲಿ ನೋಟು ಅಂತ ಅದರರ್ಥ. ಕೆಲವು ಅಪರೂಪ, ಬಹಳಷ್ಟು ಅಲ್ಲ.

ಪ್ರಶ್ನೆ: ನನ್ನ ನೋಟಿನ 'ಅದೃಷ್ಟದ ನಂಬರಿಗೆ' ಲಕ್ಷಗಟ್ಟಲೆ ಕೊಡ್ತಾರಂತೆ. ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ.

ಉತ್ತರ: ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಸುಮ್ನೆ ಫೋನ್ ಇಡಿ.

ಪ್ರಶ್ನೆ: ಪ್ಲಾಸ್ಟಿಕ್ ಕವರಿನಲ್ಲಿ ಇಡಬಹುದಾ?

ಉತ್ತರ: ಪಾಲಿಯೆಸ್ಟರ್ ಆದರೆ ಸರಿ, ಪಿವಿಸಿ ಬೇಡ. ಮೂಸಿ ನೋಡಿ. ಹೊಸ ರೈನ್‌ಕೋಟಿನ ವಾಸನೆ ಬಂದರೆ ವಾಪಸ್ ಕೊಡಿ.